ಹೆಣ ಯಾರ ಸೊತ್ತೂ ಅಲ್ಲ: ಬ್ರಿಟನ್ನಿನ ಶವಗಳ್ಳರ ಕಸುಬು ನಡೆದದ್ದು ಹೇಗೆ

1826ರ ಅಕ್ಟೋಬರ್. ಲಿವರ್‌ಪೂಲ್ ಬಂದರಿನಿಂದ ಸ್ಕಾಟ್ಲೆಂಡಿನ ಲೀತ್‌ಗೆ ಹೊರಡಲಿದ್ದ ‘ಲಟೋನಾ’ ಎಂಬ ಹಡಗಿಗೆ 3 ಪೀಪಾಯಿಗಳು ಬಂದವು. ಮೇಲೆ ‘ಬಿಟರ್ ಸಾಲ್ಟ್ಸ್’ ಎಂದು ಬರೆದಿತ್ತು. ಕಹಿ ಉಪ್ಪು ಅಂತ ಅರ್ಥ. ಪೀಪಾಯಿಗಳಿಂದ ತಡೆಯಲಾರದ ನಾತ ಹೊಡೆಯತೊಡಗಿದಾಗ ಮುಚ್ಚಳ ತೆಗೆಸಿದರು. ಒಳಗೆ ಉಪ್ಪಿನಲ್ಲಿ ಅದುಮಿಟ್ಟ 11 ಹೆಣಗಳಿದ್ದವು. ಪೀಪಾಯಿ ತಂದ ಗಾಡಿಯ ಜಾಡು ಹಿಡಿದು ಹೋದಾಗ ಹೋಪ್ ಸ್ಟ್ರೀಟಿನ ಒಂದು ನೆಲಮಾಳಿಗೆ ಸಿಕ್ಕಿತು. ಮೇಲೆ ಪಾದ್ರಿಯೊಬ್ಬರು ನಡೆಸುತ್ತಿದ್ದ ಶಾಲೆ, ಕೆಳಗೆ ಪೀಪಾಯಿ ಮತ್ತು ಚೀಲಗಳಲ್ಲಿ ಇನ್ನೂ 22 ಹೆಣ.

ಲೀತ್ ಎಂದರೆ ಎಡಿನ್‌ಬರ್ಗ್ ನಗರದ ಬಂದರು. ಎಡಿನ್‌ಬರ್ಗ್ ಎಂದರೆ ಆ ಕಾಲದ ಬ್ರಿಟನ್ನಿನಲ್ಲಿ ವೈದ್ಯಕೀಯ ಶಿಕ್ಷಣದ ದೊಡ್ಡ ಕೇಂದ್ರ. ಅಕ್ಟೋಬರ್ ಎಂದರೆ ಅಲ್ಲಿ ಅಂಗರಚನೆಯ ಪಾಠ ಶುರುವಾಗುವ ತಿಂಗಳು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಶವಗಳ್ಳತನದ ಒಳಗುಟ್ಟು ಅರ್ಧ ತಿಳಿದಂತೆ. ಕಂದೀಲು, ಮಂಜು, ಮಸಣ ಸೇರಿಸಿ ಇದನ್ನು ದೆವ್ವದ ಕಥೆಯಂತೆ ಹೇಳುವವರೇ ಹೆಚ್ಚು. ಆದರೆ ಇದರಲ್ಲಿ ಖಾಯಂ ಗಿರಾಕಿಗಳಿದ್ದರು, ಹಂಗಾಮು ಇತ್ತು, ಮುಂಗಡ ಇತ್ತು, ಅಳತೆಗೆ ತಕ್ಕ ದರ ಇತ್ತು, ಪೈಪೋಟಿ ಇತ್ತು. ಸುಮಾರು ನೂರು ವರ್ಷ ನಡೆದ ಸರಬರಾಜು ವ್ಯಾಪಾರ ಇದು. ಇದನ್ನು ಸಾಕಿದ್ದು ಕಾನೂನಿನ ಒಂದು ತೂತು. ಪ್ರತಿ ಹಂತದಲ್ಲೂ ಇದಕ್ಕೆ ಬೆಲೆ ತೆತ್ತವರು ಬಡವರು.

ಬೇಡಿಕೆ ಎಲ್ಲಿಂದ ಬಂತು

1540ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಲಂಡನ್ನಿನ ಕ್ಷೌರಿಕರು ಮತ್ತು ಶಸ್ತ್ರವೈದ್ಯರ ಸಂಘಕ್ಕೆ ವರ್ಷಕ್ಕೆ 4 ಶವಗಳನ್ನು ಕೊಡುವ ಏರ್ಪಾಡು ಮಾಡಿದ. ನಾಲ್ಕೂ ಗಲ್ಲಿಗೇರಿದವರದು. ಎಡಿನ್‌ಬರ್ಗ್‌ನ ಸಂಘಕ್ಕೆ ಅದಕ್ಕೂ ಮೊದಲೇ ವರ್ಷಕ್ಕೆ ಒಂದು ಸಿಗುತ್ತಿತ್ತು. ಹತ್ತಾರು ಜನ ಸುತ್ತ ನಿಂತು ಒಬ್ಬ ಗುರು ಕೊಯ್ದು ತೋರಿಸುವುದನ್ನು ನೋಡುವ ಕಾಲಕ್ಕೆ ಅಷ್ಟು ಸಾಕಾಗುತ್ತಿತ್ತು.

18ನೇ ಶತಮಾನದಲ್ಲಿ ಕಲಿಕೆಯ ರೀತಿಯೇ ಬದಲಾಯಿತು. ಪ್ಯಾರಿಸ್ಸಿನಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಾರೆ ಶವ ಬಿಡಿಸಿ ಕಲಿಯುವ ಪದ್ಧತಿ ಬಂತು. ಅರಿವಳಿಕೆ ಇಲ್ಲದ ಕಾಲ ಅದು. ಎಚ್ಚರವಿರುವ ರೋಗಿಯ ಕಾಲು ಕತ್ತರಿಸುವ ವೈದ್ಯನಿಗೆ ರಕ್ತನಾಳ ಎಲ್ಲಿದೆ ಎಂದು ಹುಡುಕುತ್ತಾ ಕೂರಲು ಬಿಡುವಿರಲಿಲ್ಲ, ಕೈ ತಾನಾಗಿ ಅಲ್ಲಿಗೇ ಹೋಗಬೇಕಿತ್ತು. ಆ ಪಳಗುವಿಕೆ ಬರಬೇಕಾದರೆ ಸತ್ತ ದೇಹವೇ ಬೇಕು. ಶವ ಕೇಳಿದ ವೈದ್ಯರ ಅಗತ್ಯ ನಿಜವಾದದ್ದು ಎಂಬುದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ಪ್ಯಾರಿಸ್ಸಿನಲ್ಲಿ ಆಸ್ಪತ್ರೆಗಳಲ್ಲಿ ಸತ್ತು ವಾರಸುದಾರರಿಲ್ಲದೆ ಉಳಿದ ದೇಹಗಳನ್ನು ಸರ್ಕಾರವೇ ಶಾಲೆಗಳಿಗೆ ಹಂಚುತ್ತಿತ್ತು. ಬ್ರಿಟನ್ ಆ ಕಡೆ ತಲೆ ಹಾಕಲಿಲ್ಲ. ಬದಲಿಗೆ 1752ರಲ್ಲಿ ಜಾರಿಗೆ ಬಂದ ಕೊಲೆ ಕಾಯ್ದೆಯಲ್ಲಿ, ಗಲ್ಲಿಗೇರಿದ ಕೊಲೆಗಾರರ ದೇಹವನ್ನು ಹೂಳಕೂಡದು, ಒಂದೋ ವೈದ್ಯರಿಗೆ ಕೊಡಬೇಕು, ಇಲ್ಲವೇ ಸರಪಳಿಯಲ್ಲಿ ನೇತುಹಾಕಬೇಕು ಎಂದು ವಿಧಿಸಿತು. ಇದರಿಂದ ಎರಡು ಕೆಡುಕಾಯಿತು. ಸಿಗುವ ದೇಹಗಳ ಸಂಖ್ಯೆ ಹೆಚ್ಚೇನೂ ಏರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಶವಚ್ಛೇದನ ಎಂದರೆ ಕೊಲೆಗಾರನಿಗೆ ಸಾವಿನ ಮೇಲೆ ಕೊಡುವ ಹೆಚ್ಚಿನ ಶಿಕ್ಷೆ ಎಂಬ ಭಾವನೆ ಜನರಲ್ಲಿ ಕಾನೂನಿನ ಮುದ್ರೆಯೊಂದಿಗೇ ಬೇರೂರಿತು. ತನ್ನ ದೇಹವನ್ನು ಕಲಿಕೆಗೆ ಕೊಡುತ್ತೇನೆ ಎಂದು ಒಳ್ಳೆಯ ಮನುಷ್ಯನೊಬ್ಬ ಮುಂದೆ ಬರುವ ದಾರಿ ಅಲ್ಲಿಗೆ ಮುಚ್ಚಿತು.

ಸಂಸತ್ತಿನ ಸಮಿತಿಯೊಂದು 1828ರಲ್ಲಿ ಈ ವಿಷಯ ವಿಚಾರಿಸಿದಾಗ ಸಿಕ್ಕ ಲೆಕ್ಕ ಹೀಗಿದೆ: 1826ರಲ್ಲಿ ಲಂಡನ್ನಿನಲ್ಲಿ ಅಂಗರಚನೆ ಕಲಿಯುತ್ತಿದ್ದವರು 701 ಮಂದಿ, ಅವರು ಬಿಡಿಸಿದ ಶವಗಳು 592. ಗಲ್ಲಿನಿಂದ ಬಂದ ಕೊಲೆಗಾರರ ದೇಹಗಳು ಇದರಲ್ಲಿ ಬೆರಳೆಣಿಕೆಯಷ್ಟು. ಉಳಿದವು ಎಲ್ಲಿಂದ ಬಂದವು ಎಂದು ಶಾಲೆ ನಡೆಸುತ್ತಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು.

ಹಂಗಾಮಿನ ವಿಷಯಕ್ಕೆ ಬರೋಣ. ದೇಹ ಕೆಡದಂತೆ ಇಡುವ ಫಾರ್ಮಲಿನ್ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಅಲ್ಲಿಯವರೆಗೆ ಚಳಿಯೇ ಆಸರೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಪಾಠ, ಬೇಸಿಗೆಯಲ್ಲಿ ಬಹುಪಾಲು ರಜೆ. ಚಳಿಯಲ್ಲೂ ಕೊಳೆಯುವಿಕೆಯ ಜೊತೆ ಓಟವೇ. ಅದಕ್ಕೇ ಮೊದಲು ಕೊಯ್ಯುತ್ತಿದ್ದದ್ದು ಹೊಟ್ಟೆ, ಏಕೆಂದರೆ ಕರುಳು ಎಲ್ಲಕ್ಕಿಂತ ಬೇಗ ಹಳಸುತ್ತದೆ. ಆಮೇಲೆ ಎದೆ, ತಲೆ. ಸ್ನಾಯುಗಳೇ ಹೆಚ್ಚಿರುವ ಕೈಕಾಲುಗಳಿಗೆ ಕೊನೆಯ ಸರದಿ. ಸುಶ್ರುತ ಸಂಹಿತೆ ಈ ಕೊಳೆಯುವಿಕೆಯನ್ನೇ ಉಪಾಯವಾಗಿ ಬಳಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ದೇಹಕ್ಕೆ ಹುಲ್ಲು ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಲಾವಂಚದ ಬೇರು, ಬಿದಿರು ಮುಂತಾದವುಗಳ ಕುಂಚದಿಂದ ಚರ್ಮದ ಪದರಗಳನ್ನು ಮೆಲ್ಲಗೆ ಉಜ್ಜಿ ತೆಗೆಯುತ್ತಾ ನೋಡಬೇಕು ಎಂದು ಅದು ಹೇಳುತ್ತದೆ.

ಬಟ್ಟೆ ಕದ್ದರೆ ಕಳ್ಳ, ಹೆಣ ಕದ್ದರೆ ಅಲ್ಲ

ಇಂಗ್ಲೆಂಡಿನ ರೂಢಿಯ ಕಾನೂನಿನಲ್ಲಿ ಸತ್ತ ದೇಹ ಯಾರ ಸೊತ್ತೂ ಅಲ್ಲ. ಸೊತ್ತೇ ಅಲ್ಲವೆಂದ ಮೇಲೆ ಕದ್ದರು ಎಂದು ಮೊಕದ್ದಮೆ ಹೂಡುವುದು ಹೇಗೆ? ಹೆಣಕ್ಕೆ ಹೊದಿಸಿದ ಬಟ್ಟೆಯ ಮಾತು ಬೇರೆ. ಅದಕ್ಕೆ ಮಾಲೀಕರಿದ್ದಾರೆ. ಅದನ್ನು ಒಯ್ದರೆ ಅಪ್ಪಟ ಕಳ್ಳತನ, ಗಡೀಪಾರಿನವರೆಗೂ ಹೋಗಬಹುದಾದ ಅಪರಾಧ. ಆದ್ದರಿಂದ ಅನುಭವಸ್ಥ ಶವಗಳ್ಳ ದೇಹವನ್ನು ಮೇಲೆತ್ತಿದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಬಟ್ಟೆ ಬಿಚ್ಚಿ ಪೆಟ್ಟಿಗೆಯೊಳಕ್ಕೆ ಎಸೆಯುವುದು. ಮಗುವಿನ ಶವಕ್ಕೆ ತಾಯಿ ಕೂತು ಹೊಲಿದ ಅಂಗಿ ಮಣ್ಣಿನಡಿ ಭದ್ರವಾಗಿ ಉಳಿಯುತ್ತಿತ್ತು, ಮಗು ಮಾತ್ರ ಅಲ್ಲಿರುತ್ತಿರಲಿಲ್ಲ.

1788ರಲ್ಲಿ ಲಿನ್ ಎಂಬವನ ಮೊಕದ್ದಮೆಯಲ್ಲಿ ನ್ಯಾಯಾಲಯ ಈ ತೂತಿಗೆ ತೇಪೆ ಹಾಕಲು ನೋಡಿತು. ಛೇದನಕ್ಕಾಗಿಯೇ ಒಯ್ದರೂ ಸರಿ, ಗೋರಿಯಿಂದ ಹೆಣ ತೆಗೆಯುವುದು ಲೋಕಮರ್ಯಾದೆಗೆ ವಿರುದ್ಧವಾದ ಅಪರಾಧ ಎಂದಿತು. ಆದರೆ ಅದು ಸಣ್ಣ ಅಪರಾಧಗಳ ಸಾಲಿನಲ್ಲೇ ಉಳಿಯಿತು. ಸಿಕ್ಕಿಬಿದ್ದರೆ ದಂಡ, ಕೆಲವು ತಿಂಗಳ ಸೆರೆ. ಆ ತಿಂಗಳುಗಳಲ್ಲಿ ಮನೆಯವರ ಖರ್ಚಿಗೆ ವೈದ್ಯರೇ ಹಣ ಕಳಿಸುತ್ತಿದ್ದರು, ಏಕೆಂದರೆ ಒಳಗೆ ಕೂತವನು ಬಾಯಿ ಬಿಟ್ಟರೆ ಅವರಿಗೇ ಕಷ್ಟ. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಸರ್ ಆಸ್ಟ್ಲೀ ಕೂಪರ್ 1828ರ ಸಮಿತಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ: ಸತ್ತವನು ಎಂಥ ಸ್ಥಾನದಲ್ಲಿದ್ದವನೇ ಆಗಲಿ, ಬೇಕೆಂದರೆ ಅವನ ದೇಹವನ್ನು ತರಿಸಿಕೊಳ್ಳಬಲ್ಲೆ. ಕಾನೂನಿನಿಂದ ಆಗುವುದು ಬೆಲೆ ಏರುವುದು ಮಾತ್ರ, ತಡೆಯುವುದಲ್ಲ.

ಒಂದು ರಾತ್ರಿಯ ಕೆಲಸ

ಇಡೀ ಗೋರಿಯನ್ನು ಅಗೆದು, ಪೆಟ್ಟಿಗೆಯನ್ನು ಹೊರಗೆಳೆದು, ಮುಚ್ಚಳ ತೆಗೆಯುತ್ತಿದ್ದರು ಎಂದು ಹಲವರು ಭಾವಿಸುತ್ತಾರೆ. ಹಾಗೆ ಮಾಡಿದ್ದರೆ ಬೆಳಗಾಗುತ್ತಿತ್ತು. ನುರಿತವರ ರೀತಿ ಬೇರೆ.

ಕೆಲಸ ಹಗಲಲ್ಲೇ ಶುರು. ಯಾರು ಸತ್ತರು, ಯಾವ ಗೋರಿ, ಎಷ್ಟು ಆಳ ಎಂಬುದನ್ನು ಬಹಳ ಕಡೆ ಹೇಳುತ್ತಿದ್ದವನು ಗುಂಡಿ ತೋಡಿದವನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಚರ್ಚಿನ ಮಸಣ ಕಾಯಬೇಕಾದವನಿಗೆ ಪ್ರತಿ ಹೆಣಕ್ಕೆ ಇಷ್ಟು ಎಂದು ಪಾಲು ಸಲ್ಲುತ್ತಿತ್ತು. ಗುಟ್ಟಾಗಿ ನೋಡಿಕೊಂಡು ಬರಲು ಅಳುವವರ ಜೊತೆ ಹೆಂಗಸರನ್ನೂ ಕಳಿಸುತ್ತಿದ್ದರು. ಬಡವರ ಮನೆಯವರು ಗೋರಿಯ ಮೇಲೆ ಒಂದು ಕಡ್ಡಿ, ಚಿಪ್ಪು, ನಾಲ್ಕು ಕಲ್ಲನ್ನು ಇಂಥದೇ ಜಾಗದಲ್ಲಿ ಇಟ್ಟು ಹೋಗುತ್ತಿದ್ದರು. ಮರುದಿನ ಅದು ಕದಲಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದು ಅರ್ಥ. ಕಸುಬು ಬಲ್ಲವನು ಮೊದಲು ಇಂಥ ಗುರುತು ಹುಡುಕಿ, ನೆನಪಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಹಾಗೆಯೇ ಇಡುತ್ತಿದ್ದ.

ರಾತ್ರಿ ಗೋರಿಯ ಪಕ್ಕ ದೊಡ್ಡ ಗೋಣಿತಾಟು ಹಾಸುತ್ತಿದ್ದರು. ತೆಗೆದ ಮಣ್ಣೆಲ್ಲ ಅದರ ಮೇಲೆ ಬೀಳಬೇಕು, ಹುಲ್ಲಿನ ಮೇಲೆ ಒಂದು ಹಿಡಿಯೂ ಉಳಿಯಬಾರದು. ಅಗೆಯುತ್ತಿದ್ದದ್ದು ತಲೆಯ ಕಡೆ ಮಾತ್ರ, ಒಬ್ಬ ಇಳಿದು ನಿಲ್ಲುವಷ್ಟು ಅಗಲ. ಮೊನ್ನೆ ಮೊನ್ನೆ ಮುಚ್ಚಿದ ಮಣ್ಣು ಇನ್ನೂ ಸಡಿಲ, ಬೇಗ ಬರುತ್ತದೆ. ಸಲಿಕೆ ಮರದ್ದು. ಕಬ್ಬಿಣದ್ದಾದರೆ ಕಲ್ಲಿಗೆ ತಾಗಿ ಠಣ್ ಎನ್ನುತ್ತದೆ, ಮೌನದ ರಾತ್ರಿಯಲ್ಲಿ ಅದು ಬೀದಿಯವರೆಗೂ ಕೇಳಿಸೀತು.

ಶವಪೆಟ್ಟಿಗೆಯ ತಲೆಭಾಗ ಕಂಡ ಮೇಲಿನ ಕೆಲಸ ಜಾಣತನದ್ದು. ಮುಚ್ಚಳದ ಅಂಚಿನಡಿ ಕೊಕ್ಕೆ ಅಥವಾ ಹಾರೆ ಸಿಕ್ಕಿಸಿ, ಸದ್ದು ಹೊರಬಾರದಂತೆ ಮೇಲೆ ಗೋಣಿಚೀಲ ಅದುಮಿ, ಒಮ್ಮೆಲೇ ಮೇಲಕ್ಕೆತ್ತುತ್ತಿದ್ದರು. ಕೆಳಗಿನ ಮೂರನೇ ಎರಡು ಪಾಲು ಮುಚ್ಚಳದ ಮೇಲೆ ಅಷ್ಟೂ ಮಣ್ಣು ಕೂತಿದೆ, ಅದು ಅಲುಗದು. ಹಾಗಾಗಿ ಹಲಗೆ ನಡುವೆ ಅಡ್ಡಲಾಗಿ ಲಟಕ್ಕನೆ ಮುರಿಯುತ್ತದೆ. ಅವರು ತೋಡದೆ ಬಿಟ್ಟ ಮಣ್ಣೇ ಅವರ ಪರವಾಗಿ ಕೆಲಸ ಮಾಡುತ್ತಿತ್ತು. ಆ ಕಂಡಿಯಿಂದ ಹಗ್ಗ ಇಳಿಸಿ, ಕಂಕುಳಿಗೋ ಕುತ್ತಿಗೆಗೋ ಸಿಕ್ಕಿಸಿ, ದೇಹವನ್ನು ಜಗ್ಗಿ ತೆಗೆದು, ಬಟ್ಟೆ ಕಳಚಿ ಒಳಗೆ ಹಾಕಿ, ದೇಹವನ್ನು ಮಡಿಚಿ ಚೀಲಕ್ಕೆ ತುಂಬುತ್ತಿದ್ದರು. ಗೋಣಿತಾಟಿನ ಮಣ್ಣು ಮರಳಿ ಗುಂಡಿಗೆ, ಕಡ್ಡಿ ಮತ್ತು ಚಿಪ್ಪು ಮರಳಿ ತಮ್ಮ ಜಾಗಕ್ಕೆ. ಒಟ್ಟು ಒಂದು ಗಂಟೆ, ಕೈ ಪಳಗಿದ್ದರೆ ಇನ್ನೂ ಕಡಿಮೆ. ಎಷ್ಟೋ ಮನೆಯವರು ಬರಿದಾದ ಗೋರಿಗೆ ವರ್ಷಗಟ್ಟಲೆ ಹೂವಿಟ್ಟಿರಬೇಕು.

ಕೆಲಸ ಕೆಡುತ್ತಿದ್ದದ್ದೂ ಉಂಟು. ಬೆಳದಿಂಗಳಿದ್ದರೆ ಹೋಗುವಂತಿಲ್ಲ. ಗಟ್ಟಿ ಹಿಮ ಬಿದ್ದರೆ ಮೇಲಿನ ಮಣ್ಣು ಕಲ್ಲಾಗುತ್ತದೆ. ಜಾಣ ಬಡವರು ಗುಂಡಿ ಮುಚ್ಚುವಾಗ ಮಣ್ಣಿನ ಜೊತೆ ಒಣಹುಲ್ಲು, ಪೊದೆಯ ಕಡ್ಡಿಗಳನ್ನು ಪದರ ಪದರವಾಗಿ ಹಾಕುತ್ತಿದ್ದರು. ಮರದ ಸಲಿಕೆ ಅದರಲ್ಲಿ ಸಿಕ್ಕಿಕೊಂಡು ರಾತ್ರಿಯೆಲ್ಲ ಎಳೆದಾಡಬೇಕಾಗುತ್ತಿತ್ತು. ದೇಹ ಆಗಲೇ ಕೆಟ್ಟಿದ್ದರೆ ಶಾಲೆಯವರು ಮುಟ್ಟುತ್ತಿರಲಿಲ್ಲ. ಆಗ ಹಲ್ಲುಗಳನ್ನಾದರೂ ಕಿತ್ತುಕೊಂಡು ದಂತವೈದ್ಯರಿಗೆ ಮಾರುತ್ತಿದ್ದರು. ಅಂದಿನ ಕಟ್ಟಿಸಿದ ಹಲ್ಲಿನ ಸೆಟ್ಟುಗಳಲ್ಲಿ ಮನುಷ್ಯರ ಹಲ್ಲಿಗೇ ಮೇಲಿನ ಬೆಲೆ.

ಎಲ್ಲಕ್ಕಿಂತ ಸುಲಭದ ಜಾಗ ಬಡವರ ಸಾಮೂಹಿಕ ಗುಂಡಿ. ಆಳವಾದ ಒಂದೇ ಗುಂಡಿಯಲ್ಲಿ ತೆಳು ಹಲಗೆಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ತುಂಬುವವರೆಗೆ ಬಾಯಿ ತೆರೆದೇ ಬಿಡುತ್ತಿದ್ದರು. ತೋಡುವ ಕೆಲಸವೇ ಇಲ್ಲ. ಹಣವಂತರು ಸೀಸದ ಒಳಪೆಟ್ಟಿಗೆ, ಕಲ್ಲಿನ ನೆಲಮನೆ, ಆಳದ ಗೋರಿ ಕೊಂಡುಕೊಳ್ಳುತ್ತಿದ್ದರು. ಆಸ್ಟ್ಲೀ ಕೂಪರ್ ಎಂಥ ದೊಡ್ಡವನ ದೇಹವನ್ನೂ ತರಿಸಬಲ್ಲೆ ಎಂದದ್ದು ನಿಜವಿರಬಹುದು, ಆದರೆ ದಿನನಿತ್ಯ ಛೇದನದ ಮೇಜಿಗೆ ಬರುತ್ತಿದ್ದದ್ದು ಕೂಲಿಯವರು, ತಿರುಕರು ಮತ್ತು ಅವರ ಮಕ್ಕಳು.

ಅಡಿ ಅಂಗುಲದ ಲೆಕ್ಕ

ಲಂಡನ್ನಿನ ಶವಗಳ್ಳ ಜೋಶುವಾ ನೇಪಲ್ಸ್ 1811 ಮತ್ತು 1812ರಲ್ಲಿ ಬರೆದಿಟ್ಟ ದಿನಚರಿ ಇಂದಿಗೂ ಉಳಿದಿದೆ. ಯಾವ ರಾತ್ರಿ ಯಾವ ಮಸಣ, ಎಷ್ಟು ಸಿಕ್ಕವು, ಯಾವ ಆಸ್ಪತ್ರೆಗೆ ಕೊಟ್ಟೆವು, ಯಾರು ಕುಡಿದು ಬಿದ್ದಿದ್ದರು ಎಂಬುದನ್ನು ಕಿರಾಣಿ ಅಂಗಡಿಯ ಖಾತೆ ಬರೆಯುವ ಹಾಗೆ ಬರೆದಿದ್ದಾನೆ. ದೊಡ್ಡವರ ಶವ ಒಂದು ಬಗೆ, 3 ಅಡಿಗಿಂತ ಕಡಿಮೆಯದು ‘ಸ್ಮಾಲ್’. ಚಿಕ್ಕವನ್ನು ಅಂಗುಲದ ಲೆಕ್ಕದಲ್ಲಿ ಮಾರುತ್ತಿದ್ದರು. ಸಂಸತ್ತಿನ ಸಮಿತಿಗೆ ಸಿಕ್ಕ ಇನ್ನೊಂದು ಲೆಕ್ಕದ ಪ್ರಕಾರ 1809-10ರ ಒಂದೇ ಹಂಗಾಮಿನಲ್ಲಿ ಒಂದು ತಂಡ ಇಂಗ್ಲೆಂಡಿನ ಶಾಲೆಗಳಿಗೆ ಕೊಟ್ಟದ್ದು 305 ದೊಡ್ಡವರು, 44 ಚಿಕ್ಕವರು.

18ನೇ ಶತಮಾನದ ಕೊನೆಯಲ್ಲಿ ಒಂದೆರಡು ಗಿನಿಗೆ ಸಿಗುತ್ತಿದ್ದ ಶವದ ಬೆಲೆ 1820ರ ದಶಕದ ಕೊನೆಗೆ 8ರಿಂದ 10 ಗಿನಿಗೆ ಏರಿತ್ತು. ಒಂದು ಗಿನಿಗೆ 21 ಶಿಲಿಂಗ್. ಹೊಲದಲ್ಲಿ ದುಡಿಯುವ ಆಳಿಗೆ ವಾರಕ್ಕೆ ಸುಮಾರು 10 ಶಿಲಿಂಗ್ ಸಿಗುತ್ತಿದ್ದ ಕಾಲ ಅದು. ಅಂದರೆ ಒಂದು ಹೆಣ ನಾಲ್ಕೈದು ತಿಂಗಳ ಕೂಲಿಗೆ ಸಮ. ಇದಲ್ಲದೆ ಹಂಗಾಮಿನ ಶುರುವಿನಲ್ಲಿ ಶಾಲೆಗಳಿಂದ ಮುಂಗಡ, ಕೊನೆಯಲ್ಲಿ ಇನಾಮು. ಬೆನ್ ಕ್ರೌಚ್ ನಡೆಸುತ್ತಿದ್ದ ತಂಡದಂಥವು ಲಂಡನ್ನಿನ ಸರಬರಾಜನ್ನು ಕೈಯಲ್ಲಿಟ್ಟುಕೊಂಡು, ದರ ಏರಿಸಬೇಕಾದಾಗ ಹೆಣ ಕೊಡುವುದನ್ನೇ ನಿಲ್ಲಿಸಿ ಶಾಲೆಗಳನ್ನು ಮಣಿಸುತ್ತಿದ್ದವು. ಯಾವ ಶಾಲೆಯಾದರೂ ಬೇರೆಯವರಿಂದ ಕೊಂಡರೆ ಅಲ್ಲಿಗೇ ನುಗ್ಗಿ ಆ ಶವವನ್ನು ಕೊಚ್ಚಿಹಾಕಿ ಬಂದದ್ದೂ ಇದೆ.

ಆರು ವಾರ ಕಾಯುವುದು

ಜನ ಸುಮ್ಮನೆ ಕೂರಲಿಲ್ಲ. ದೇಹ ಕೊಳೆತ ಮೇಲೆ ಅದಕ್ಕೆ ಗಿರಾಕಿ ಇಲ್ಲ, ಆದ್ದರಿಂದ ಕಾಪಾಡಬೇಕಾದದ್ದು ಮೊದಲ ಕೆಲವು ವಾರ ಮಾತ್ರ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಇದಕ್ಕೆಂದೇ ‘ಮಾರ್ಟ್‌ಸೇಫ್’ ಎಂಬ ಕಬ್ಬಿಣದ ಪಂಜರ ಮಾಡಿಸಿದರು. ದಪ್ಪ ಸರಳು, ಪಟ್ಟಿಗಳನ್ನು ಜೋಡಿಸಿ ಬೀಗ ಹಾಕುವ ಭಾರಿ ಚೌಕಟ್ಟು ಅದು. ಶವಪೆಟ್ಟಿಗೆಯನ್ನು ಅದರೊಳಗಿಟ್ಟು ಹೂಳುವುದು, ಸುಮಾರು ಆರು ವಾರ ಕಳೆದ ಮೇಲೆ ಮತ್ತೆ ಅಗೆದು ಪಂಜರವನ್ನು ಮಾತ್ರ ತೆಗೆದು ಮುಂದಿನವರಿಗೆ ಕೊಡುವುದು. ಊರವರು ಚಂದಾ ಎತ್ತಿ ಸಂಘ ಕಟ್ಟಿಕೊಂಡು ಇದನ್ನು ಹಂಚಿಕೊಳ್ಳುತ್ತಿದ್ದರು. ಎಡಿನ್‌ಬರ್ಗ್‌ನ ಗ್ರೇಫ್ರೈಯರ್ಸ್ ಮಸಣದಲ್ಲಿ ಇವನ್ನು ಈಗಲೂ ನೋಡಬಹುದು. ಮಸಣದ ಮೂಲೆಯಲ್ಲಿ ಕಾವಲುಗೋಪುರ ಕಟ್ಟಿ, ಸರದಿಯಲ್ಲಿ ರಾತ್ರಿ ಕೂರುವುದೂ ಇತ್ತು.

ಅಬರ್ಡೀನ್ ಸೀಮೆಯ ಉಡ್ನಿ ಗ್ರೀನ್ ಎಂಬ ಊರಿನವರು ಇನ್ನೂ ಮುಂದೆ ಹೋದರು. ಗುಂಡಗಿನ ಕಲ್ಲಿನ ಕಟ್ಟಡ, ಹೊರಗೊಂದು ಮರದ ಬಾಗಿಲು, ಒಳಗೊಂದು ಕಬ್ಬಿಣದ ಬಾಗಿಲು, ನಡುವೆ ಬೀಸುಕಲ್ಲಿನಂತೆ ತಿರುಗುವ ಮರದ ಚಕ್ರ. ಪೆಟ್ಟಿಗೆಯನ್ನು ಚಕ್ರದ ಮೇಲಿಟ್ಟು, ಹೊಸದೊಂದು ಬಂದಾಗ ಹಳೆಯದನ್ನು ಒಂದು ಸ್ಥಾನ ಮುಂದಕ್ಕೆ ತಿರುಗಿಸುವುದು. ಸುತ್ತು ಮುಗಿಸಿ ಬಾಗಿಲಿಗೆ ಬರುವ ಹೊತ್ತಿಗೆ ದೇಹ ಯಾವ ವೈದ್ಯನಿಗೂ ಬೇಡವಾಗಿರುತ್ತಿತ್ತು. ಆಗ ಹೂಳುತ್ತಿದ್ದರು. ತಮ್ಮವರು ಬೇಗ ಕೊಳೆಯಲಿ ಎಂದು ಕಾಯಬೇಕಾಗಿ ಬಂದ ಜನರ ಪಾಡು ಅದು.

ಗೋರಿಯನ್ನೇ ಮುಟ್ಟದವರು

ಶವಗಳ್ಳರು ಎಂದೊಡನೆ ಬರ್ಕ್ ಮತ್ತು ಹೇರ್ ಹೆಸರು ಬರುತ್ತದೆ. ಅವರಿಬ್ಬರೂ ಒಂದು ಗೋರಿಯನ್ನೂ ತೋಡಿದವರಲ್ಲ. ಐರ್ಲೆಂಡಿನ ಉತ್ತರದಿಂದ ಕಾಲುವೆ ಕೆಲಸಕ್ಕೆ ಸ್ಕಾಟ್ಲೆಂಡಿಗೆ ಬಂದ ಕೂಲಿಗಳು. ಎಡಿನ್‌ಬರ್ಗ್‌ನ ವೆಸ್ಟ್ ಪೋರ್ಟ್ ಭಾಗದ ಟ್ಯಾನರ್ಸ್ ಕ್ಲೋಸ್ ಎಂಬ ಗಲ್ಲಿಯಲ್ಲಿ ಹೇರ್ ಒಂದು ಬಡ ವಸತಿಗೃಹ ನಡೆಸುತ್ತಿದ್ದ. 1827ರ ನವೆಂಬರ್ 29ರಂದು ಅಲ್ಲಿದ್ದ ಡೊನಾಲ್ಡ್ ಎಂಬ ಮುದಿ ಸೈನಿಕ ಕಾಯಿಲೆಯಿಂದ ಸತ್ತ. ಹೇರ್‌ಗೆ ಅವನಿಂದ 4 ಪೌಂಡ್ ಬಾಕಿ ಬರಬೇಕಿತ್ತು. ಇಬ್ಬರೂ ಸೇರಿ ಪೆಟ್ಟಿಗೆಗೆ ಚರ್ಮ ಹದಮಾಡುವ ತೊಗಟೆ ತುಂಬಿ ಹೂಳಲು ಕಳಿಸಿ, ದೇಹವನ್ನು ಸರ್ಜನ್ಸ್ ಸ್ಕ್ವೇರಿನ ಡಾ. ರಾಬರ್ಟ್ ನಾಕ್ಸ್‌ನ ಶಾಲೆಗೆ 7 ಪೌಂಡ್ 10 ಶಿಲಿಂಗಿಗೆ ಮಾರಿದರು. ಯಾರೂ ಏನೂ ಕೇಳಲಿಲ್ಲ. ಮತ್ತೆ ಇದ್ದರೆ ತನ್ನಿ ಎಂದರು.

ಮುಂದಿನದನ್ನು ಆ ಬೆಲೆಯೇ ನಡೆಸಿತು. ಸುಮಾರು 10 ತಿಂಗಳಲ್ಲಿ ಅವರು 16 ಜನರನ್ನು ಕೊಂದು ಮಾರಿದರು. ಬೇಸಿಗೆಯಲ್ಲಿ 8 ಪೌಂಡ್, ಚಳಿಗಾಲದಲ್ಲಿ 10. ಕುಡಿಸುವುದು, ಮತ್ತೇರಿದ ಮೇಲೆ ಒಬ್ಬ ಎದೆಯ ಮೇಲೆ ಭಾರ ಹಾಕಿ, ಇನ್ನೊಬ್ಬ ಮೂಗು ಬಾಯಿ ಮುಚ್ಚುವುದು. ಗಾಯ ಇಲ್ಲ, ರಕ್ತ ಇಲ್ಲ. ಮಣ್ಣಿನ ಕಲೆಯೂ ಇಲ್ಲದ, ಇನ್ನೂ ತಾಜಾ ಆಗಿದ್ದ ದೇಹಗಳು ಒಂದರ ಹಿಂದೊಂದು ಹೇಗೆ ಬರುತ್ತಿವೆ ಎಂದು 400ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಆ ಶಾಲೆಯಲ್ಲಿ ಯಾರಿಗೂ ಅನಿಸಲಿಲ್ಲವೇ? ಅನಿಸಿದರೂ ಕೇಳಲಿಲ್ಲ ಎಂಬುದೇ ನನ್ನ ಎಣಿಕೆ. ಹೆಣ ಎಲ್ಲಿಂದ ಬಂತೆಂದು ಕೇಳದಿರುವುದು ಆ ವ್ಯಾಪಾರದ ಮೊದಲ ಶಿಷ್ಟಾಚಾರವಾಗಿತ್ತು. ಎಲ್ಲರೂ ಗುರುತಿಸಬಲ್ಲ ‘ಡ್ಯಾಫ್ಟ್ ಜೇಮಿ’ ಎಂಬ ಬೀದಿಯ ಮುಗ್ಧ ಹುಡುಗ ಕೂಡ ಆ ಮೇಜಿನ ಮೇಲೆ ಮಲಗಿದ.

ಕೊನೆಗೆ ಇದನ್ನು ನಿಲ್ಲಿಸಿದವಳು ಆನ್ ಗ್ರೇ ಎಂಬ ಬಡ ಹೆಂಗಸು. 1828ರ ಅಕ್ಟೋಬರ್ 31ರಂದು ಡೋಹರ್ಟಿ ಎಂಬ ಮುದುಕಿಯನ್ನು ಕೊಂದು ಹಾಸಿಗೆಯ ಹುಲ್ಲಿನಡಿ ಅಡಗಿಸಿದ್ದರು. ಮರುದಿನ ಆನ್ ಗ್ರೇ ಹುಲ್ಲು ಸರಿಸಿದಾಗ ಹೆಣ ಕಂಡಿತು. ಬರ್ಕ್‌ನ ಸಂಗಾತಿ ಹೆಲೆನ್ ಮಕ್‌ಡೂಗಲ್ ಮಂಡಿಯೂರಿ, ಬಾಯಿ ಮುಚ್ಚಿಕೊಂಡಿದ್ದರೆ ವಾರಕ್ಕೆ 10 ಪೌಂಡ್ ಸಿಗುತ್ತದೆ ಎಂದು ಆಸೆ ತೋರಿಸಿದಳು. ಆನ್ ಮತ್ತು ಅವಳ ಗಂಡ ಜೇಮ್ಸ್ ಅದನ್ನು ತಿರಸ್ಕರಿಸಿ ಪೊಲೀಸರ ಬಳಿ ಹೋದರು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟುವುದು ಈ ಇಬ್ಬರ ಮೇಲೆ.

ಮೊಕದ್ದಮೆ ಸುಲಭವಿರಲಿಲ್ಲ. ಉಸಿರುಗಟ್ಟಿಸಿ ಕೊಂದದ್ದು ಎಂದು ವೈದ್ಯರು ಖಚಿತವಾಗಿ ಹೇಳಲಾರದೆ ಹೋದರು, ಹಿಂದಿನ 15 ದೇಹಗಳು ಆಗಲೇ ಚೂರಾಗಿದ್ದವು. ಅದಕ್ಕಾಗಿ ಹೇರ್‌ಗೆ ಮಾಫಿ ಕೊಟ್ಟು ಸಾಕ್ಷಿ ಹೇಳಿಸಬೇಕಾಯಿತು. ಡಿಸೆಂಬರ್ 24ರ ಬೆಳಿಗ್ಗೆ ಶುರುವಾದ ವಿಚಾರಣೆ ರಾತ್ರಿಯಿಡೀ ನಡೆದು ಕ್ರಿಸ್‌ಮಸ್ ಬೆಳಿಗ್ಗೆ ತೀರ್ಪು ಬಂತು. 1829ರ ಜನವರಿ 28ರಂದು ಬರ್ಕ್‌ನನ್ನು ಗಲ್ಲಿಗೇರಿಸಿ, ದೇಹವನ್ನು ಎಲ್ಲರೆದುರು ಛೇದಿಸಿದರು. ಅವನ ಅಸ್ಥಿಪಂಜರ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಅಂಗರಚನಾ ಸಂಗ್ರಹಾಲಯದಲ್ಲಿದೆ. ನಾಕ್ಸ್ ಮೇಲೆ ಮೊಕದ್ದಮೆ ಹೂಡಲಿಲ್ಲ.

ಸಂಸತ್ತು ಆಗಲೂ ಅಲುಗಲಿಲ್ಲ. 1829ರಲ್ಲಿ ತಂದ ಮಸೂದೆ ಪ್ರಭುಗಳ ಸಭೆಯಲ್ಲಿ ಬಿದ್ದುಹೋಯಿತು. 1831ರ ನವೆಂಬರ್ 5ರಂದು ಬಿಷಪ್ ಎಂಬವನೂ ಅವನ ಜೊತೆಯವರೂ ಸುಮಾರು 14 ವರ್ಷದ ಹುಡುಗನೊಬ್ಬನ ಶವವನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ತಂದು 12 ಗಿನಿ ಕೇಳಿ, 9ಕ್ಕೆ ಒಪ್ಪಿದರು. ಹೂತ ಹೆಣದ ಲಕ್ಷಣ ಒಂದೂ ಇರಲಿಲ್ಲ. ಕಾಲೇಜಿನ ಜವಾನನಿಗೆ ಸಂಶಯ ಬಂತು. ಉಪನ್ಯಾಸಕ ರಿಚರ್ಡ್ ಪಾರ್ಟ್ರಿಜ್ 50 ಪೌಂಡಿನ ನೋಟು ತೋರಿಸಿ, ಚಿಲ್ಲರೆ ತರಿಸುತ್ತೇನೆ ಇರಿ ಎಂದು ಅವರನ್ನು ಕೂರಿಸಿ ಪೊಲೀಸರಿಗೆ ಹೇಳಿಕಳಿಸಿದ. ಹುಡುಗನ ಹಲ್ಲುಗಳನ್ನು ಅಷ್ಟರಲ್ಲೇ ಒಬ್ಬ ದಂತವೈದ್ಯನಿಗೆ 12 ಶಿಲಿಂಗಿಗೆ ಮಾರಿದ್ದರು. ಹುಡುಗನನ್ನು ಕೊಂದದ್ದಕ್ಕಾಗಿ ಡಿಸೆಂಬರ್ 5ರಂದು ಬಿಷಪ್ ಮತ್ತು ಅವನ ಜೊತೆಯವನಾದ ವಿಲಿಯಮ್ಸ್ ಗಲ್ಲಿಗೇರಿದರು. ರಾಜಧಾನಿಯಲ್ಲೇ ಹೀಗಾದ ಮೇಲೆ ಕಾನೂನು ಬಂತು.

1832ರಿಂದ ಬೋನ್ ಸೆಟ್‌ವರೆಗೆ

1832ರ ಆಗಸ್ಟ್ 1ರ ಅಂಗರಚನಾ ಕಾಯ್ದೆ ಶಾಲೆಗಳಿಗೆ ಪರವಾನಗಿ, ಇನ್ಸ್‌ಪೆಕ್ಟರುಗಳ ತಪಾಸಣೆ ತಂದಿತು, ಕೊಲೆಗಾರರ ದೇಹ ಛೇದಿಸುವ ಶಿಕ್ಷೆ ತೆಗೆದುಹಾಕಿತು. ನಿಜವಾದ ಕೆಲಸ ಮಾಡಿದ್ದು ಅದರ ಇನ್ನೊಂದು ಕಲಮು: ಶವವನ್ನು ಕಾನೂನುಬದ್ಧವಾಗಿ ವಶದಲ್ಲಿ ಇಟ್ಟುಕೊಂಡವನು ಅದನ್ನು ಶಾಲೆಗೆ ಕೊಡಬಹುದು. ದಿಕ್ಕಿಲ್ಲದವರು ಸೇರುವ ವರ್ಕ್‌ಹೌಸ್‌ನಲ್ಲಿ ಒಬ್ಬ ಸತ್ತು ಯಾರೂ ಕೇಳದಿದ್ದರೆ, ವಶದಲ್ಲಿರುವವನು ಎಂದರೆ ಅಲ್ಲಿನ ಮೇಲ್ವಿಚಾರಕ. ಮಾರುಕಟ್ಟೆ ಕುಸಿಯಿತು, ಶವಗಳ್ಳರು ಬೇರೆ ಕಸುಬು ನೋಡಿಕೊಂಡರು. ಆದರೆ ಮೇಜಿನ ಮೇಲೆ ಬರುವವರು ಬದಲಾಗಲಿಲ್ಲ. ಮೊನ್ನೆಯವರೆಗೆ ಕೊಲೆ ಮಾಡಿದವನಿಗಿದ್ದ ಶಿಕ್ಷೆ ಈಗ ಗತಿಯಿಲ್ಲದೆ ಸತ್ತವನ ಪಾಲಾಯಿತು. ಬಡವರು ವಾರಕ್ಕೊಂದು ಪೆನ್ನಿ ಕಟ್ಟಿ ಶವಸಂಸ್ಕಾರದ ಸಂಘಗಳಿಗೆ ಸೇರಿದರು, ಊಟ ಬಿಟ್ಟಾದರೂ ಆ ಪೆನ್ನಿ ತಪ್ಪಿಸುತ್ತಿರಲಿಲ್ಲ. ಸ್ವಇಚ್ಛೆಯಿಂದ ಕೊಟ್ಟವರೂ ಇದ್ದರು. ಆ ವರ್ಷದ ಜೂನ್ 6ರಂದು ತೀರಿಕೊಂಡ ಚಿಂತಕ ಜೆರೆಮಿ ಬೆಂಥಮ್ ತನ್ನ ದೇಹವನ್ನು ಛೇದಿಸಬೇಕೆಂದು ಬರೆದಿಟ್ಟಿದ್ದ, ಹಾಗೆಯೇ ನಡೆಯಿತು. ಅವನ ದಾರಿ ಹಿಡಿಯುವವರು ಹೆಚ್ಚಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಅಮೆರಿಕದಲ್ಲಿ ಈ ಭಾರ ಹೊತ್ತವರು ಕಪ್ಪು ಜನ. ಜಾರ್ಜಿಯಾದ ವೈದ್ಯಕೀಯ ಕಾಲೇಜು 1852ರಲ್ಲಿ ಗ್ರಾಂಡಿಸನ್ ಹ್ಯಾರಿಸ್ ಎಂಬ ಗುಲಾಮನನ್ನು 700 ಡಾಲರಿಗೆ ಕೊಂಡು, ಗೋರಿಗಳಿಂದ ದೇಹ ತರುವ ಕೆಲಸಕ್ಕೆ ಹಚ್ಚಿತು. 1989ರಲ್ಲಿ ಆ ಹಳೆಯ ಕಟ್ಟಡದ ದುರಸ್ತಿ ನಡೆದಾಗ ನೆಲದಡಿಯಲ್ಲಿ ಸುಮಾರು 10,000 ಎಲುಬುಗಳು ಸಿಕ್ಕವು, ಹೆಚ್ಚಿನವು ಕಪ್ಪು ಜನರವು.

ಬ್ರಿಟನ್ನಿನ ಕಾಯ್ದೆ ಶವದ ಕೊರತೆ ನೀಗಿಸಿದರೂ, ಕೈಯಲ್ಲಿ ಹಿಡಿದು ಓದುವ ಅಸ್ಥಿಪಂಜರಗಳಿಗೆ ಬೇಡಿಕೆ ಇದ್ದೇ ಇತ್ತು. ಅದು ಬಂದು ನಿಂತದ್ದು ಕಲ್ಕತ್ತೆಯಲ್ಲಿ. 20ನೇ ಶತಮಾನದಲ್ಲಿ ಬಹುಕಾಲ ಜಗತ್ತಿನ ವೈದ್ಯಕೀಯ ಶಾಲೆಗಳಿಗೆ ಎಲುಬು ಕಳಿಸುತ್ತಿದ್ದ ಮುಖ್ಯ ದೇಶ ಭಾರತ. ದೇಹಗಳನ್ನು ನೀರಿನಲ್ಲಿ ಕೊಳೆಸಿ, ಉಜ್ಜಿ, ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ಬಿಸಿಲಿಗೆ ಹರವಿ ಬಿಳಿ ಮಾಡುತ್ತಿದ್ದರು. ಮಕ್ಕಳ ಅಸ್ಥಿಪಂಜರಗಳು ರಾಶಿಯಾಗಿ ಹೊರಹೋಗುತ್ತಿವೆ ಎಂಬ ಸುದ್ದಿಯಿಂದ ಗದ್ದಲವೆದ್ದು, 1985ರಲ್ಲಿ ಸರ್ಕಾರ ರಫ್ತು ನಿಷೇಧಿಸಿತು. ಆ ಮೇಲೂ ಪಶ್ಚಿಮ ಬಂಗಾಳದಲ್ಲಿ ಗೋರಿಗಳಿಂದ ಕದ್ದ ಎಲುಬುಗಳು ಪೊಲೀಸರ ಕೈಗೆ ಸಿಕ್ಕಿವೆ.

ನಮ್ಮಲ್ಲಿ 1957ರ ಅಂಗರಚನಾ ಕಾಯ್ದೆಯ ಅಡಿಯಲ್ಲಿ ವಾರಸುದಾರರಿಲ್ಲದ ಶವಗಳು ಕಾಲೇಜುಗಳಿಗೆ ಸೇರುತ್ತವೆ. ಈಗ ಅದರ ಜೊತೆಗೆ, ಬದುಕಿದ್ದಾಗಲೇ ಅಂಗರಚನಾ ವಿಭಾಗಕ್ಕೆ ಅರ್ಜಿ ತುಂಬಿಕೊಟ್ಟವರ ದೇಹಗಳೂ ಬರುತ್ತವೆ. ಎಂಬಿಬಿಎಸ್‌ನ ಮೊದಲ ವರ್ಷಕ್ಕೆ ಸೇರಿದ ಹುಡುಗ ಹುಡುಗಿಯರು ಸೀನಿಯರುಗಳಿಂದ ‘ಬೋನ್ ಸೆಟ್’ ಕೊಳ್ಳುವ ರೂಢಿಯೂ ಇದೆ. ಸೀನಿಯರಿಗೆ ಅದು ಅವರ ಸೀನಿಯರಿನಿಂದ ಬಂದಿರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ತೊಡೆಯ ಮೂಳೆ, ಭುಜದ ಹಲಗೆ, ಬೆನ್ನಿನ ಮಣಿಗಳು. ಮೂಳೆಯ ಮೇಲೆ ಸ್ನಾಯು ಶುರುವಾಗುವ ಕಡೆ ಕೆಂಪು ಶಾಯಿ, ಅಂಟುವ ಕಡೆ ನೀಲಿ. ಎಷ್ಟೋ ಬ್ಯಾಚುಗಳ ಕೈ ದಾಟಿ ಬಣ್ಣ ಮಾಸಿದ ಕಡೆ ಯಾರೋ ಮತ್ತೆ ತಿದ್ದಿರುತ್ತಾರೆ. ಆ ಪೆಟ್ಟಿಗೆಯಲ್ಲಿ ಮೊದಲ ಬಾರಿಗೆ ಯಾರು ಬಂದರು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ.